ಆಯಮ್ಮನ ಸ್ಪ್ಯಾನಿಶ್

ಮೂರನೇ ಮಹಡಿಯ ಗಂಡಸರ ವಾರ್ಡಿನ ಆಯಾಗೆ ಬೇರೊಂದು ಹೆಸರಿದೆ ಎಂಬುದು ಸಂಬಳದ ಪಟ್ಟಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಆಯಮ್ಮ. ಇಪ್ಪತ್ತಾರು ವರ್ಷ ಚಾದರ ಬದಲಿಸುತ್ತ, "ಊಟ ಆಯ್ತೇನಪ್ಪಾ, ನಿದ್ದೆ ಬಂತಾ, ನೋವಿದೆಯಾ?" ಎಂದು ಹಾಸಿಗೆಯಿಂದ ಹಾಸಿಗೆಗೆ ಕೇಳಿಕೊಂಡು ಬಂದವಳು. ಮನೆಗೆ ಹೋದರೆ ಒಂದೇ ಕೋಣೆ, ಒಂದೇ ತಟ್ಟೆ. ತಂಗಿ ಫೋನ್ ಮಾಡುತ್ತಿದ್ದಳು, ಸುಳ್ಳು ಹೇಳಬಾರದು. ತನ್ನ ಮಂಡಿನೋವಿನ ಪುರಾಣ ಮುಗಿಸಿ, "ಸರಿ ಅಕ್ಕ, ಇಡ್ತೀನಿ" ಎಂದು ಇಟ್ಟುಬಿಡುತ್ತಿದ್ದಳು.

ಏಳನೇ ಹಾಸಿಗೆಗೆ ಹಡಗಿನ ಅಡುಗೆಯವನೊಬ್ಬ ಬಂದ. ಹೊಟ್ಟೆಯ ಆಪರೇಷನ್ ಆಗಿತ್ತು. ಹಡಗು ಅವನನ್ನಿಳಿಸಿ ಹೊರಟುಹೋಗಿತ್ತು. ಸ್ಪ್ಯಾನಿಶ್ ಬಿಟ್ಟು ಬೇರೆ ಭಾಷೆ ಬಾರದು. ಊಟ ಕೊಡಬಹುದು ಎಂದಾದ ಮೇಲೂ ಗೋಡೆಗೆ ಮುಖ ಮಾಡಿ ಮಲಗಿದವನು ಮೂರು ದಿನ ತುತ್ತು ಮುಟ್ಟಲಿಲ್ಲ. ನಾಳೆಯೂ ಹೀಗೇ ಆದರೆ ಮೂಗಿಗೆ ನಳಿಗೆ ಹಾಕುವುದೇ ಎಂದರು ಡಾಕ್ಟರು. ಹನ್ನೆರಡು ಸ್ಪ್ಯಾನಿಶ್ ಕ್ರಿಯಾಪದಗಳನ್ನು ಅರ್ಥ, ಬಳಕೆ ಸಮೇತ ಬರೆದು ಯಾರೋ ಗೋಡೆಗೆ ಅಂಟಿಸಿ ಕೈತೊಳೆದುಕೊಂಡರು. ಆಯಮ್ಮ ಮಾತ್ರ ಅದನ್ನು ಚೀಟಿಯೊಂದಕ್ಕೆ ಇಳಿಸಿಕೊಂಡು ಮನೆಗೆ ಒಯ್ದಳು.

ಒಲೆಯ ಮುಂದೆ ಬಾಯಿಪಾಠ ನಡೆಯಿತು. ಕೊಮೆರ್ ಎಂದರೆ ತಿನ್ನು, ದೊರ್ಮಿರ್ ಎಂದರೆ ನಿದ್ದೆ ಮಾಡು, ದೊಲೆರ್ ಎಂದರೆ ನೋಯು. ತೆನೆರ್ ಎಂಬುದಂತೂ ಭಾರಿ ಆಸಾಮಿ! ಇಟ್ಟುಕೊಂಡಿರು ಎಂದು ಅದರ ಅರ್ಥ. ಹಸಿವು, ಚಳಿ, ಹೆದರಿಕೆ, ವಯಸ್ಸು ಎಲ್ಲಕ್ಕೂ ಅದೇ ಬೇಕಂತೆ. "ಅಬ್ಬಾ, ಹಾಗಾದ್ರೆ ನಾನೂ ಏನು ಕಮ್ಮಿ ಇಟ್ಕೊಂಡಿಲ್ಲ" ಎಂದು ನಕ್ಕಳು. ಜೊತೆಗೆ ನಗುವವರಿಲ್ಲದೆ ಆ ನಗು ಬೇಗ ಮುಗಿಯಿತು.

ಬೆಳಿಗ್ಗೆ ಗಂಜಿಯ ಬಟ್ಟಲು ಹಿಡಿದು ನಿಂತು, "ಕೊಮೆರ್!" ಎಂದು ಗದರಿದಳು. ಯಾರು, ಯಾವಾಗ ಎಂಬುದೇನೂ ಇಲ್ಲ, ಬರೀ ಕ್ರಿಯಾಪದ. ಅವನು ಇತ್ತ ತಿರುಗಿದ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡು ಚಮಚ ಗಂಜಿ ಕುಡಿದು ಬಿಕ್ಕಿ ಬಿಕ್ಕಿ ಅತ್ತ. ನಳಿಗೆಯ ಮಾತು ಅಲ್ಲಿಗೆ ನಿಂತಿತು.

ಆಮೇಲೆ ದಿನಾ ಬೆಳಿಗ್ಗೆ ಅದೇ ಮೂರು ಪ್ರಶ್ನೆ: ಕೊಮೆರ್? ದೊರ್ಮಿರ್? ದೊಲೆರ್? ಕೊನೆಯದಕ್ಕೆ ಅವನು ಎಲ್ಲಿ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಉದ್ದಕ್ಕೆ ಏನೇನೋ ಹೇಳುತ್ತಿದ್ದ. ಅವಳಿಗೆ ನಾಲ್ಕಾಣೆಯಷ್ಟು ಅರ್ಥವಾಗುತ್ತಿತ್ತು. ತನ್ನ ದಾರಿ ಕಾಯುವವರೊಬ್ಬರು ಇದ್ದಾರೆ ಎಂದು ಅರ್ಧ ಗಂಟೆ ಮೊದಲೇ ಕೆಲಸಕ್ಕೆ ಬರತೊಡಗಿದಳು. ಅವನು ಬೇಗ ಹುಷಾರಾಗಲಿ ಎಂದುಕೊಳ್ಳುವಾಗಲೇ, ಇಷ್ಟು ಬೇಗ ಬೇಡ ಎಂದೂ ಅನಿಸಿ, "ಥೂ, ಎಂಥ ಬುದ್ಧಿ ನನ್ನದು" ಎಂದು ತನ್ನನ್ನೇ ಬೈದುಕೊಂಡಳು.

ಹತ್ತನೇ ದಿನ ಅವನನ್ನು ಊರಿಗೆ ಕಳಿಸಲೆಂದು ಹಡಗಿನ ಕಂಪನಿಯವರು ದುಭಾಷಿ ಹುಡುಗನೊಬ್ಬನನ್ನು ಕರೆದುಕೊಂಡು ಬಂದರು. ಅಡುಗೆಯವನ ಥ್ಯಾಂಕ್ಸು ಡಾಕ್ಟರಿಗೆ, ನರ್ಸುಗಳಿಗೆ ಆ ಹುಡುಗನ ಬಾಯಿಂದ ನೀಟಾಗಿ ಸಂದಾಯವಾಯಿತು. ಇನ್ನು ತನ್ನ ಚೀಟಿ ಯಾರಿಗೆ ಬೇಕು ಎಂದು ಆಯಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವನನ್ನು ಕೂರಿಸಿದ್ದ ಗಾಲಿಕುರ್ಚಿ ಅವಳೆದುರು ನಿಂತಿತು. ಅವನು ದುಭಾಷಿಯ ಕಡೆ ನೋಡಲೇ ಇಲ್ಲ. ಅವಳ ಹಾಗೆಯೇ ಒರಟೊರಟಾಗಿ ಕೇಳಿದ: "ಕೊಮೆರ್? ದೊರ್ಮಿರ್? ದೊಲೆರ್?"

"ಊಟ ಆಯ್ತಾ, ನಿದ್ದೆ..." ಎಂದು ದುಭಾಷಿ ಶುರುಮಾಡಿದ.

"ಗೊತ್ತು ಬಿಡಪ್ಪ, ನಾನೇ ಕೇಳ್ತಿದ್ದಿದ್ದು." ಇಪ್ಪತ್ತಾರು ವರ್ಷದಲ್ಲಿ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ, ಉತ್ತರ ಹೇಳಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಊಟ ಆಗಿದೆ, ನಿದ್ದೆ ಬಂತು ಅಂತ ಹೇಳು."

"ನೋವು?"

"ಇದೆ ಅನ್ನು. ಎಲ್ಲಿ ಅಂತ ಕೇಳಿದ್ರೆ, ತೋರ್ಸಕ್ಕೆ ಬರಲ್ಲ ಅನ್ನು."

ಹಾಗೆಂದವಳೇ ಒಳಗೆ ಹೋಗಿ ಏಳನೇ ಹಾಸಿಗೆಯ ಚಾದರ ತೆಗೆಯತೊಡಗಿದಳು.