ಕಚ್ಚಾ ಹೊಲಿಗೆಯ ಕೆಂಪು ಅಕ್ಷರಗಳು

ಚರ್ಚಿನ ಹಿಂದಿನ ಗಲ್ಲಿಯಲ್ಲಿ, ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮೆಷಿನ್ ಹಾಕಿಕೊಂಡಿದ್ದಾಳಲ್ಲ, ಅವಳೇ ಟೇಲರಮ್ಮ. ಮೂವತ್ತು ವರ್ಷದಿಂದ ಫಾದರ್ ನಿಲುವಂಗಿ, ಪೀಠದ ಬಟ್ಟೆ, ಎಳೆಗೂಸುಗಳ ಜ್ಞಾನಸ್ನಾನದ ಅಂಗಿ, ಎಲ್ಲ ಅವಳ ಕೈಯಿಂದಲೇ. ವರ್ಷಕ್ಕೊಮ್ಮೆ ಚರ್ಚಿನವರು ಗರ್ಭಪಾತದ ವಿರುದ್ಧ ಮೆರವಣಿಗೆ ಹೊರಡಿಸುತ್ತಾರೆ. ಅದರ ಬ್ಯಾನರೂ ಅವಳದೇ. 'ಬಸಿರಿನ ಜೀವ ದೇವರ ಜೀವ' ಅಂತ ಕೆಂಪು ಬಟ್ಟೆಯಲ್ಲಿ ದೊಡ್ಡ ಅಕ್ಷರ ಕತ್ತರಿಸಿ, ಚರ್ಚಿನ ಬಿಳಿ ಬಟ್ಟೆಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದಳು. ಮೆರವಣಿಗೆ ಮುಗಿದ ಮೇಲೆ ದಾರ ಎಳೆದರೆ ಅಕ್ಷರ ಕಳಚಿ ಕೈಗೆ ಬರುತ್ತಿತ್ತು. ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಂದಿನ ವರ್ಷಕ್ಕೆ ಎತ್ತಿಡೋಳು.

"ಒಂದೇ ಸಲ ಗಟ್ಟಿಯಾಗಿ ಹೊಲಿದುಬಿಡಬಾರದಾ?" ಅಂತ ಪಕ್ಕದ ಮನೆಯಾಕೆ ಕೇಳಿದರೆ, "ಒಗೆದಾಗ ಬಣ್ಣ ಬಿಟ್ರೆ ಬಿಳಿ ಬಟ್ಟೆ ನಿಮ್ಮಪ್ಪ ಕೊಡ್ತಾನಾ?" ಅನ್ನೋಳು. ಬಾಯಿ ಅಂದರೆ ಬಾಯಿ!

ಒಬ್ಬಳೇ ಮಗಳು, ಚರ್ಚಿನ ಶಾಲೆಯಲ್ಲೇ ಟೀಚರು. ಮದುವೆಯಾಗ್ತೀನಿ ಅಂದವನು ಅವಳಿಗೆ ಬಸಿರು ನಿಂತ ಸುದ್ದಿ ಕೇಳಿದ್ದೇ ತಡ, ಪತ್ತೆಯಿಲ್ಲ. ಮಗಳು ಸದ್ದಿಲ್ಲದೆ ಆಸ್ಪತ್ರೆಗೆ ಹೊರಟಳು. ಟೇಲರಮ್ಮ ಹಿಂದೆಯೇ ಓಡಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೈ ಹಿಡಿದಳು.

"ಬೇಡ ಕಣೇ. ಫಾದರ್ ಹೇಳೋದು ಕೇಳಿಲ್ವಾ? ಹೊಟ್ಟೇಲಿ ಮೂಡಿದ ಗಳಿಗೆಯಿಂದ ಅದು ದೇವರ ಮಗು. ತೆಗೆಯೋಕೆ ನಾವ್ಯಾರು?"

"ನನ್ನ ಕೆಲಸ ಹೋದ್ರೆ, ಅಮ್ಮಾ?"

"ಯಾಕೆ ಹೋಗುತ್ತೆ? ಚರ್ಚಿನವರು ನಮ್ಮ ಕೈ ಬಿಡ್ತಾರಾ? ನನ್ನ ಮಾತು ನಂಬು."

ಮಗಳು ನಂಬಿದಳು. ಹೊಟ್ಟೆ ಉರಿಸೋದು ಅದೇ.

ಐದನೇ ತಿಂಗಳಿಗೆ ಹೊಟ್ಟೆ ಸೀರೆಯಲ್ಲಿ ಅಡಗಲಿಲ್ಲ. ಶಾಲೆಯ ಹೆಡ್ ಸಿಸ್ಟರ್ ಕರೆದು, "ಮಕ್ಕಳ ಮುಂದೆ ಇದೆಲ್ಲ ಚೆನ್ನಾಗಿರಲ್ಲಮ್ಮ" ಅಂತ ಕೆಲಸದಿಂದ ಬಿಡಿಸಿದರು. ಟೇಲರಮ್ಮ ಚಪ್ಪಲಿಯನ್ನೂ ಮೆಟ್ಟದೆ ಫಾದರ್ ಹತ್ತಿರ ಓಡಿದಳು.

"ನೀವು ಹೇಳಿದ್ದನ್ನ ನಂಬಿ ಉಳಿಸ್ಕೊಂಡ್ಲು ಫಾದರ್. ತೆಗೆಸಿಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಇವತ್ತೂ ಟೀಚರಾಗೇ ಇರ್ತಿದ್ಲು. ಹೌದೋ ಅಲ್ವೋ?"

ಫಾದರ್ ಕೆಟ್ಟವರಲ್ಲ, ಪಾಪ. ಕನ್ನಡಕ ತೆಗೆದು ಒರೆಸಿದರು. "ಮಗಳು ಮಾಡಿದ್ದು ಸರಿಯಮ್ಮ. ಆದ್ರೆ ಶಾಲೆಗೆ ಸಮಿತಿ ಇದೆ, ಎಲ್ಲ ನನ್ನ ಕೈಲಿಲ್ಲ. ಮೆರವಣಿಗೆ ದಿನ ಅಧ್ಯಕ್ಷರು ಬರ್ತಾರೆ, ಮಾತಾಡೋಣ."

ಆ ಒಂದು ಮಾತಿಗೆ ಜೋತುಬಿದ್ದು ಟೇಲರಮ್ಮ ಆ ವರ್ಷವೂ ಬ್ಯಾನರ್ ಹೊಲಿದಳು. ಏಳು ತಿಂಗಳ ಬಸುರಿ ಮಗಳನ್ನು ಜೊತೆಯಲ್ಲೇ ಕರೆದೊಯ್ದಳು. ಬ್ಯಾನರಿನ ಒಂದು ಕೋಲು ಹಿಡಿಯೋನು ಬಂದಿರಲಿಲ್ಲ. "ನೀನೇ ಹಿಡಿಯೇ" ಅಂತ ಮಗಳ ಕೈಗೆ ಕೊಟ್ಟಳು.

ಸಮಿತಿಯ ಅಧ್ಯಕ್ಷರು ಧಾವಿಸಿ ಬಂದರು. "ಅಯ್ಯಯ್ಯೋ, ಈಕೆ ಕೈಗೆ ಕೊಡ್ತಾರೇನ್ರೀ? ನೋಡಿದ ಜನ ಏನಂದ್ಕೋತಾರೆ? ಬರಲೇಬೇಕು ಅಂದ್ರೆ ಎಲ್ಲರ ಹಿಂದೆ ಬರ್ಲಿ."

"ಇವಳ ಕೆಲಸದ ವಿಷಯ, ಸರ್?"

"ಬೇರೆಯವರನ್ನ ತಗೊಂಡಾಯ್ತಲ್ಲಮ್ಮ."

ಟೇಲರಮ್ಮ ಫಾದರ್ ಮುಖ ನೋಡಿದಳು. ಅವರು ನೆಲ ನೋಡುತ್ತಿದ್ದರು. ಆಗ ಅವಳು ಬ್ಯಾನರಿನ ಹತ್ತಿರ ಹೋಗಿ, ದಾರದ ತುದಿ ಹುಡುಕಿ ಎಳೆದಳು. ಒಂದೊಂದೇ ಅಕ್ಷರ ಕಳಚಿ ಮಡಿಲಿಗೆ ಬಿತ್ತು.

"ಬಿಳಿ ಬಟ್ಟೆ ನಿಮ್ದು, ಇಟ್ಕೊಳ್ಳಿ. ಅಕ್ಷರ ನಂದು."

ಮೆರವಣಿಗೆ ಬೋಳು ಬಟ್ಟೆ ಹಿಡಿದೇ ಹೊರಟಿತು. ಮನೆ ದಾರಿಯಲ್ಲಿ ಮಗಳು, "ಆವತ್ತು ಮೆಟ್ಟಿಲ ಹತ್ತಿರ ನೀನು ಬರದೇ ಇದ್ದಿದ್ರೆ..." ಅಂದಳು. ಟೇಲರಮ್ಮ ಮನೆಗೆ ಬಂದವಳೇ ಅಕ್ಷರಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು.

ಹೆಣ್ಣು ಕೂಸು ಹುಟ್ಟಿತು. ಟೇಲರಮ್ಮ ಡಬ್ಬಿ ತೆಗೆದು, ಕೆಂಪು ಅಕ್ಷರಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಮಗುವಿನ ಹಾಸುಬಟ್ಟೆ ಹೊಲಿದಳು. ಈ ಸಲ ಕಚ್ಚಾ ಅಲ್ಲ, ಮೆಷಿನ್ನಿನಲ್ಲಿ ಎರಡೆರಡು ಸಲ.

"ಬಣ್ಣ ಬಿಟ್ರೆ ಏನ್ ಮಾಡ್ತೀಯೇ?" ಅಂದಳು ಪಕ್ಕದ ಮನೆಯಾಕೆ.

"ಬಿಡ್ಲಿ. ಇಷ್ಟು ವರ್ಷ ಬೀದೀಲಿ ಗಾಳಿ ಕುಡೀತಿತ್ತು. ಇನ್ನು ಒಂದು ಮಗುವಿನ ಉಚ್ಚೆಗಾದ್ರೂ ಆಗ್ಲಿ."