ಮೂವತ್ತಾರರ ತಾರೆಗೆ ತೆತ್ತ ಹುಡುಗ

ಲೆಲ್ಯಾಂಡ್ ವೋಯ್ಟ್ ಮೂವತ್ತೊಂದು ವರ್ಷ ಒಂದೇ ಬೇಸ್‌ಬಾಲ್ ಕ್ಲಬ್ಬಿಗೆ ಹುಡುಗರನ್ನು ಹುಡುಕಿಕೊಟ್ಟವನು. ನೆಬ್ರಾಸ್ಕದ ಮೆಕ್ಕೆಜೋಳದ ಹೊಲಗಳ ನಡುವಿನ ಶಾಲಾ ಮೈದಾನಗಳಲ್ಲಿ ಮಡಚುವ ಕುರ್ಚಿಯ ಮೇಲೆ ಕೂತೂ ಕೂತೂ ಅವನ ಸೊಂಟ ಸವೆದಿತ್ತು. ಈ ಕಸುಬಿನಲ್ಲಿ ಒಂದು ರೀತಿಯಿದೆ. ಹುಡುಗ ಸಾಧಾರಣದವನಾದರೆ ಆಟ ಮುಗಿಯುವ ತನಕ ಕೂರಬೇಕು. ಮನಸ್ಸಿಗೆ ಹಿಡಿಸಿದರೆ ಆಕಳಿಸಿ ನಡುವೆಯೇ ಎದ್ದು ಹೋಗಬೇಕು. ಪಕ್ಕದಲ್ಲಿ ಕೂತ ಬೇರೆ ಕ್ಲಬ್ಬಿನವರಿಗೆ ಸುಳಿವು ಹತ್ತಬಾರದು.

ಹದಿನೆಂಟರ ಕೋಲ್ಬಿ ಹ್ರುಸ್ಕಾ ಚೆಂಡೆಸೆದ ದಿನ ಲೆಲ್ಯಾಂಡ್ ಮೂರನೇ ಸುತ್ತಿಗೇ ಎದ್ದುಹೋಗಿದ್ದ. ಆಮೇಲೆ ಹುಡುಗನ ತಾಯಿ ಮಾರ್ಲಿಸ್‌ಳ ಅಡುಗೆಮನೆಯಲ್ಲಿ ಕೂತು ಸಹಿ ಹಾಕಿಸಿದ. ಆಕೆಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ದೂರ ಹೋಗುವಂತಿಲ್ಲ. ಕೇಳಿದ್ದು ಒಂದೇ: ಮಗ ಆಡುವುದನ್ನು ಕಣ್ಣಾರೆ ನೋಡಬಹುದೇ? ನಮ್ಮ ಕ್ರೀಡಾಂಗಣ ಎರಡೇ ಗಂಟೆಯ ದಾರಿ, ಮೂರ್ನಾಲ್ಕು ವರ್ಷ ತಾಳಿ ಎಂದು ಲೆಲ್ಯಾಂಡ್ ಮಾತು ಕೊಟ್ಟ.

ಮೂರು ವರ್ಷ ಕಿರಿಯರ ತಂಡಗಳಲ್ಲಿ ಪಳಗಿ ಕೋಲ್ಬಿ ದೊಡ್ಡ ತಂಡದ ಹೊಸ್ತಿಲಿಗೆ ಬಂದ. ಆ ಬೇಸಿಗೆಯಲ್ಲಿ ಮಾಲೀಕರಿಗೆ ತಾರೆಯೊಬ್ಬ ಬೇಕೆನಿಸಿತು. ವಿಮಾನದಲ್ಲೇ ಹೋಗಬೇಕಾದಷ್ಟು ದೂರದ ಪಶ್ಚಿಮ ತೀರದ ಕ್ಲಬ್ಬಿನಿಂದ ಮೂವತ್ತಾರರ ಎಸೆತಗಾರನನ್ನು ತಂದರು; ಅವನ ಕೋಟಿಗಟ್ಟಲೆ ಸಂಬಳ ಹೊತ್ತಿದ್ದಲ್ಲದೆ, ಬದಲಿಗೆ ಕೋಲ್ಬಿಯನ್ನೂ ಕೊಟ್ಟರು. ಎರಡು ತಿಂಗಳ ಚಪ್ಪಾಳೆಗಾಗಿ ಹತ್ತು ವರ್ಷದ ಬಿತ್ತನೆ ಬೀಜವನ್ನೇ ಹುರಿದು ತಿನ್ನುವ ಈ ಜನಕ್ಕೆ ತಂಡದ ಭವಿಷ್ಯ ನೆನಪಾಗುವುದು ಪತ್ರಿಕಾಗೋಷ್ಠಿಯಲ್ಲಿ ಮಾತ್ರ.

ಲೆಲ್ಯಾಂಡ್ ಕಚೇರಿಗೆ ಫೋನು ಮಾಡಿ ಜಗಳಕ್ಕೆ ನಿಂತ. ಮ್ಯಾನೇಜರ್ ನಕ್ಕ.

"ಆ ಕ್ಲಬ್ಬಿನವರು ಕೋಲ್ಬಿ ಹೆಸರು ಹಿಡಿದೇ ಕೇಳಿದ್ರು ಕಣ್ರೀ. 'ಇಂಥ ಕೈ ಇನ್ನೊಂದಿಲ್ಲ ಅಂತ ನಿಮ್ಮ ಲೆಲ್ಯಾಂಡೇ ಹೇಳಿದಾನೆ' ಅಂದ್ರು."

ನಿಜ. ಚಳಿಗಾಲದಲ್ಲಿ ಆ ಕ್ಲಬ್ಬಿನ ಹಳೆಯ ಗೆಳೆಯನೊಡನೆ ಬಿಯರ್ ಕುಡಿಯುತ್ತ, ಹೆಮ್ಮೆ ತಡೆಯಲಾರದೆ ಹಾಗೆಂದಿದ್ದ. ಮೂವತ್ತೊಂದು ವರ್ಷ ಬಿಗಿಹಿಡಿದ ಬಾಯಿ ಆ ಒಂದು ದಿನ ಸಡಿಲವಾಗಿತ್ತು.

ಮಾರನೆಯ ದಿನ ಮಾರ್ಲಿಸ್‌ಳ ಮನೆಗೆ ಹೋದ. ಸುದ್ದಿಯನ್ನು ರೇಡಿಯೊ ಆಗಲೇ ಹೇಳಿತ್ತು. ಆಕೆ ಕಾಫಿ ಬಗ್ಗಿಸಿ ಕೊಟ್ಟು, ಆ ಹೊಸಬನಿಗೆ ವಯಸ್ಸೆಷ್ಟು ಎಂದು ಕೇಳಿದಳು. ಅವನು ಹೇಳಿದ.

"ನಮ್ಮ ಟ್ರ್ಯಾಕ್ಟರಿಗೂ ಅಷ್ಟೇ. ಅದನ್ನ ಯಾರೂ ಬಂದು ಕೇಳ್ಲಿಲ್ಲ ನೋಡಿ."

ಲೆಲ್ಯಾಂಡ್ ನಗಲಿಲ್ಲ. ಮಗನ ವಿಷಯ ಆ ಕ್ಲಬ್ಬಿನವರೆದುರು ಬಾಯಿಬಿಟ್ಟವನು ತಾನೇ ಎಂದು ಹೇಳಿಬಿಟ್ಟ.

ಮಾರ್ಲಿಸ್ ಮೇಜಿನ ಬಟ್ಟೆಯ ಸುಕ್ಕು ನೀವಿದಳು. "ಇದು ಅವನಿಗೆ ಗೊತ್ತಾಗೋದು ಬೇಡ. ನಿಮ್ಮನ್ನ ತುಂಬಾ ನಂಬಿದಾನೆ."

ಅಂದು ಡಯಾಲಿಸಿಸ್ಸಿನ ದಿನ; ಆಸ್ಪತ್ರೆಗೆ ತಾನೇ ಕರೆದೊಯ್ಯುತ್ತೇನೆಂದ ಲೆಲ್ಯಾಂಡ್. ಪಕ್ಕದ ಮನೆಯವಳು ಬರುತ್ತಾಳೆ, ನೀವು ಹೊರಡಿ ಎಂದಳು. ಬೀದಿಯಾಚೆ ಕಾರಿನಲ್ಲಿ ಕೂತು, ಪಕ್ಕದ ಮನೆಯವಳು ಆಕೆಯ ತೋಳು ಹಿಡಿದು ಮೆಟ್ಟಿಲಿಳಿಸುವುದನ್ನು ನೋಡಿದ. ಮಾರ್ಲಿಸ್ ಇತ್ತ ತಿರುಗಲಿಲ್ಲ.