ಚಿಕ್ಕಪ್ಪನ ಪಕ್ಷದ ಮೊದಲ ಅರ್ಜಿ

ನಮ್ಮ ಚಿಕ್ಕಪ್ಪ ದೇಶದೇಶಗಳ ರಾಯಭಾರ ಕಚೇರಿಗಳಲ್ಲಿ ದುಡಿದು, ಕೊನೆಗೆ ರಾಯಭಾರಿಯಾಗಿಯೇ ನಿವೃತ್ತರಾದವರು. ಅವರ ಬಾಯಿಂದ 'ಇಲ್ಲ' ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮದುವೆಗೆ ಬರಲಾಗದಿದ್ದರೆ "ಪ್ರಯತ್ನ ಮಾಡ್ತಿದೀನಿ" ಅನ್ನುತ್ತಿದ್ದರು. ಬರುವುದಿಲ್ಲ ಅಂತ ನಾವೇ ಅರ್ಥ ಮಾಡಿಕೊಂಡು ಒಂದು ಎಲೆ ಕಡಿಮೆ ಹಾಕುತ್ತಿದ್ದೆವು. ಇಂಥವರು ಎಪ್ಪತ್ತರ ಹತ್ತಿರಕ್ಕೆ ಬಂದು, ರಾಜಕೀಯದ ಕೊಳೆ ತೊಳೆಯುತ್ತೇನೆ ಅಂತ ಬೆಂಗಳೂರಿನಲ್ಲಿ ಹೊಸ ಪಕ್ಷ ಕಟ್ಟಲು ಹೊರಟಾಗ ನಗಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ.

ಒಂದು ದಿನ ಫೋನು ಬಂತು. "ಪುಟ್ಟಿ, ಸದಸ್ಯರ ಪುಸ್ತಕದಲ್ಲಿ ಮೊದಲನೇ ಹೆಸರು ನಿಂದೇ ಇರ್ಬೇಕು. ನಿನ್ನ ಮನೆಗೇ ಬರ್ತೀನಿ, ಅಲ್ಲೇ ಶುರು ಮಾಡೋಣ."

ಅಪ್ಪ ಹೋದ ಮೇಲೆ ನನ್ನನ್ನು ಪುಟ್ಟಿ ಅನ್ನುವವರು ಅವರೊಬ್ಬರೇ. ರಾಜಕೀಯ ಅಂದರೆ ಮೂಗು ಮುರಿಯುವ ನಾನು ಹೂಂ ಅಂದುಬಿಟ್ಟೆ. ಅಮೆರಿಕದ ಕ್ಯಾಂಪ್‌ಬೆಲ್‌ಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಊರಿನ ಯಾವ ಕೆಲಸಕ್ಕೂ ನನ್ನನ್ನು ಯಾರೂ ಮೊದಲು ಕರೆದಿರಲಿಲ್ಲ. ಆ ಪುಸ್ತಕದಲ್ಲಿ ನನ್ನ ಹೆಸರು ಇರಬೇಕು ಅಂತ ಎಷ್ಟು ಆಸೆಯಾಯಿತೆಂದರೆ, ನನಗೇ ನಾಚಿಕೆಯಾಯಿತು.

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಪಾಟ್‌ಲಕ್ಕು, ಒಬ್ಬೊಬ್ಬರೂ ಒಂದೊಂದು ಅಡುಗೆ ತರುವ ಊಟ. ಲಿವರ್‌ಮೋರ್, ಡ್ಯಾನ್‌ವಿಲ್ ಊರುಗಳಿಂದೆಲ್ಲ ಇಪ್ಪತ್ತು ಜನ ಕನ್ನಡದವರು ಟ್ರೇ ಹಿಡಿದು ಬಂದರು. ಚಿಕ್ಕಪ್ಪ ಬೆಳಿಗ್ಗೆಯೇ ಪ್ರತಿ ಕುರ್ಚಿಗೂ ಹೆಸರಿನ ಚೀಟಿ ಅಂಟಿಸಿದ್ದರು, ಹಿರಿತನದ ಪ್ರಕಾರ. ಬಿಸಿಬೇಳೆಬಾತಿನ ತಟ್ಟೆ ಹಿಡಿದ ಜನ ತಮ್ಮ ಹೆಸರು ಹುಡುಕುತ್ತಾ ಸುತ್ತಿದರು. ಮನೆಯ ಯಜಮಾನನಾದ ನನ್ನ ಗಂಡನಿಗೆ ಗ್ಯಾರೇಜಿನ ಬಾಗಿಲ ಪಕ್ಕ ಜಾಗ ಸಿಕ್ಕಿತ್ತು.

ಭಾಷಣ ಮುಗಿದಾಗ ಮಂಡ್ಯದ ಕಡೆಯ ಒಬ್ಬ ಅಜ್ಜಿ, ಮಗನ ಮನೆಗೆ ಬಂದಿದ್ದವರು, ಕೈ ಎತ್ತಿದರು. "ಸಾರ್, ಕಾವೇರಿ ವಿಚಾರದಲ್ಲಿ ನಿಮ್ಮ ಪಕ್ಷ ಏನಂತದೆ?"

"ಎರಡೂ ಕಡೆಯ ಭಾವನೆಗಳನ್ನ ಗೌರವಿಸಿ, ಮಾತುಕತೆಯ ವಾತಾವರಣ ನಿರ್ಮಿಸ್ತೀವಿ ತಾಯಿ."

"ಅದೆಲ್ಲಾ ಬುಡಿ. ನೀರು ಬುಡ್ತೀರೋ ಬುಡಾಕಿಲ್ವೋ, ಅದ ಹೇಳಿ."

ಚಿಕ್ಕಪ್ಪ ಮುಗುಳ್ನಕ್ಕು ಇನ್ನೂ ಐದು ನಿಮಿಷ ಮಾತಾಡಿದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬಿಡುತ್ತಾರೆ ಅಂತ ಅರ್ಧ ಜನ, ಬಿಡುವುದಿಲ್ಲ ಅಂತ ಅರ್ಧ ಜನ ತಿಳಿದುಕೊಂಡರು. ನಾನು ಎರಡೂ ಕಡೆ ತಲೆಯಾಡಿಸಿದೆ.

ಆಮೇಲೆ ಸದಸ್ಯತ್ವದ ಅರ್ಜಿ ಹಂಚಿದರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷು, ಎರಡನ್ನೂ ಚಿಕ್ಕಪ್ಪನೇ ಬರೆದದ್ದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪೆನ್ನು ತೆಗೆದು ಹೆಸರಿನ ಮೊದಲ ಅಕ್ಷರ ಬರೆದೆ. ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ ಮಗಳು ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. "ಅಮ್ಮ, ಇಟ್ ಸೇಸ್ ಇಂಡಿಯನ್ ಸಿಟಿಜನ್. ಯು ಆರ್ ನಾಟ್."

ಕೋಣೆಯಲ್ಲಿ ಒಂದೊಂದೇ ಪೆನ್ನು ಕೆಳಗಿಳಿಯಿತು. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ನನ್ನಂಥವರೇ, ಅಮೆರಿಕದ ಪೌರತ್ವ ತೆಗೆದುಕೊಂಡವರು. ಜೀವಮಾನವಿಡೀ ಪಾಸ್‌ಪೋರ್ಟುಗಳ ನಡುವೆ ಬದುಕಿದ ಮನುಷ್ಯ, ಕುರ್ಚಿಯ ಹಿರಿತನ ಲೆಕ್ಕ ಹಾಕಿದವರು, ಇದನ್ನು ಮರೆತಿದ್ದರು. ಆರು ವರ್ಷದ ಹಿಂದೆ ಭಾರತದ ಹಳೆಯ ಪಾಸ್‌ಪೋರ್ಟು ಒಪ್ಪಿಸಲಾರದೆ ಅಳುತ್ತಿದ್ದ ನನಗೆ "ಅದೊಂದು ಕಾಗದ ಪುಟ್ಟಿ, ಕೊಟ್ಟುಬಿಡು, ನಮ್ಮವಳು ನಮ್ಮವಳೇ" ಅಂದವರೂ ಇವರೇ. ಆ ಮಾತು ನಂಬಿ ಕೊಟ್ಟಿದ್ದೆ.

"ಚಿಕ್ಕಪ್ಪ, ನಾನು ಬರೀಬಹುದಾ?"

ಪರಿಶೀಲಿಸೋಣ ಅನ್ನುತ್ತಾರೆ ಅಂತ ಕಾದೆ. ಅಷ್ಟು ಅಂದಿದ್ದರೂ ಸಾಕಿತ್ತು, ಆಸೆ ಇಟ್ಟುಕೊಳ್ಳುತ್ತಿದ್ದೆ. ಅವರು ಅಜ್ಜಿಯ ಕಡೆ ಒಮ್ಮೆ ನೋಡಿದರು. ನನ್ನ ಕೈಯಿಂದ ಅರ್ಜಿಯನ್ನು ಮೆಲ್ಲಗೆ ತೆಗೆದುಕೊಂಡರು.

"ಇಲ್ಲ ಪುಟ್ಟಿ. ಆಗಲ್ಲ."

"ಹಾಂ, ಈಗ ಬಂತು ನೋಡಿ ನೆಟ್ಟಗೆ ಒಂದು ಮಾತು" ಅಂದರು ಅಜ್ಜಿ. ಯಾರೋ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹೆಮ್ಮೆಯಾಗಿತ್ತು. ಆದರೂ ಕಾಫಿ ಮಾಡುತ್ತೇನೆ ಅಂತ ಒಳಗೆ ಹೋಗಿ ಅತ್ತೆ.

ಎರಡು ದಿನದ ಮೇಲೆ ಅವರನ್ನು ಏರ್‌ಪೋರ್ಟಿಗೆ ಬಿಟ್ಟೆ. ಅರ್ಜಿಗಳ ಕಟ್ಟು ಅವರ ಕೈಚೀಲದಲ್ಲಿತ್ತು, ನಾನು ಒಂದಕ್ಷರ ಬರೆದದ್ದೂ ಅದರಲ್ಲೇ. ಎಸೆದಿರಲಿಲ್ಲ.

"ಮತ್ತೆ ಬರ್ತೀರಲ್ಲ ಚಿಕ್ಕಪ್ಪ?" ಅಂದೆ.

ತಲೆ ಸವರಿದರು. "ಪ್ರಯತ್ನ ಮಾಡ್ತೀನಿ ಪುಟ್ಟಿ."